ಮೊದಲ ಜಿಂಕೆ ಶಿಕಾರಿಗೆ ಯಾವ ಗುಂಡು? ವಿಸ್ಕಾನ್ಸಿನ್‌ಗೆ ಹೊಸದಾಗಿ ಬಂದ ತಮ್ಮನಿಗೆ

ನಿಮ್ಮ ಪ್ರಶ್ನೆ ಓದಿದೆ. ವಿಸ್ಕಾನ್ಸಿನ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಎಚ್-1ಬಿ ಮೇಲಿದ್ದೀರಿ, ಆಫೀಸಿನವರೊಬ್ಬರು ನವೆಂಬರಿನ ಜಿಂಕೆ ಶಿಕಾರಿಗೆ ಕರೆದಿದ್ದಾರೆ. .308 ಅಳತೆಯ ರೈಫಲ್ ಅವರೇ ಕೊಡುತ್ತಾರಂತೆ, ಗುಂಡು ಮಾತ್ರ ನೀವು ತರಬೇಕಂತೆ. ಅಂಗಡಿಗೆ ಹೋದರೆ ಗೋಡೆ ತುಂಬಾ ಬಾಕ್ಸ್, ಯಾವುದು ತೆಗೆದುಕೊಳ್ಳಲಿ ಅಣ್ಣಾ, ಮೊದಲ ಗುಂಡಿನ ಖಾಲಿ ಕೊಳವೆಯನ್ನು ನೆನಪಿಗೆ ಅಂತ ಊರಿಗೆ ಒಯ್ಯಬಹುದಾ ಅಂತ ಕೇಳಿದ್ದೀರಿ.

ನಾನು ಬಂದ ಹೊಸದರಲ್ಲಿ ಅಂಥದ್ದೇ ಗೋಡೆಯ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳೋಣ ಅಂದರೆ ಒಬ್ಬರೂ ಇರಲಿಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅನ್ನುವುದು ಅಜ್ಜಂದಿರ ಬಾಯಿಯ ಕಥೆಯಾಗಿ ಉಳಿಯಿತು, ನಮ್ಮ ತಲೆಮಾರಿಗೆ ಕೋವಿ ಹಿಡಿದೇ ಗೊತ್ತಿಲ್ಲ. ಇಲ್ಲಿಯವರು ಹತ್ತು ಹನ್ನೆರಡು ವರ್ಷಕ್ಕೇ ಅಪ್ಪನ ಜೊತೆ ಕಾಡಿಗೆ ಹೋಗಿ ಕಲಿತಿರುತ್ತಾರೆ. ಅವರಿಗೆ ಕೇಳದೇ ಬರುವ ವಿಷಯ ನಮಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಗುಂಡಿಗಿಂತ ಮೊದಲು ಲೈಸೆನ್ಸ್. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಫೆಡರಲ್ ಕಾನೂನು ಬಿಡುವುದಿಲ್ಲ. ಊರ್ಜಿತವಾಗಿರುವ ಶಿಕಾರಿ ಲೈಸೆನ್ಸ್ ಇದ್ದವರಿಗೆ ಆ ಕಾನೂನಿನಲ್ಲೇ ವಿನಾಯಿತಿ ಇದೆ. ಅಂದರೆ ಲೈಸೆನ್ಸ್ ಕೈಗೆ ಬರುವ ತನಕ ಆ ರೈಫಲನ್ನು ಸುಮ್ನೆ ನೋಡುವುದಕ್ಕೂ ಕೈಗೆ ತೆಗೆದುಕೊಳ್ಳಬೇಡಿ, ಗುಂಡಿನ ಬಾಕ್ಸನ್ನೂ ಕೊಳ್ಳಬೇಡಿ. 1973ರಿಂದ ಈಚೆಗೆ ಹುಟ್ಟಿದವರು ಇಲ್ಲಿ ಲೈಸೆನ್ಸ್ ಪಡೆಯಲು ಹಂಟರ್ ಸೇಫ್ಟಿ ಕೋರ್ಸ್ ಮುಗಿಸಿರಬೇಕು. ಈಗಲೇ ಸೇರಿಕೊಳ್ಳಿ. ವೀಸಾ ಮೇಲಿರುವವನ ಒಂದು ಸಣ್ಣ ತಪ್ಪು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಈಗ ಗುಂಡು. ಬಾಕ್ಸಿನ ಮೇಲೆ .308 ವಿಂಚೆಸ್ಟರ್ ಅಂತ ಇರಬೇಕು, ರೈಫಲಿನ ನಳಿಗೆಯ ಮೇಲೂ ಅದೇ ಕೆತ್ತಿರಬೇಕು. ಕೊಳವೆ ಬಿಟ್ಟು ಹಾರಿಹೋಗುವ ಭಾಗದ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಬರೆದಿರುತ್ತಾರೆ. 7000 ಗ್ರೇನ್ ಸೇರಿದರೆ ಒಂದು ಪೌಂಡ್, ಹಾಗಾಗಿ 150 ಗ್ರೇನಿನ ಗುಂಡು ಹತ್ತು ಗ್ರಾಮಿಗೂ ಚೂರು ಕಡಿಮೆ. ಇಲ್ಲಿಯ ಜಿಂಕೆಗೆ .308ರಲ್ಲಿ 150 ಆದರೂ ಸರಿ, 165 ಆದರೂ ಸರಿ. ಇದರ ಮೇಲೆ ಜನ ವರ್ಷಗಟ್ಟಲೆ ವಾದ ಮಾಡುತ್ತಾರೆ, ನೀವು ಅದರೊಳಗೆ ಇಳಿಯಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಗುಂಡು ಹೇಗೆ ಕಟ್ಟಿದ್ದು ಅನ್ನುವುದಕ್ಕೆ. ಪೂರ್ತಿ ಲೋಹದ ಹೊದಿಕೆ ಇರುವ ಫುಲ್ ಮೆಟಲ್ ಜಾಕೆಟ್ ಅಗ್ಗ, ಆದರೆ ಅದು ಅರಳುವುದಿಲ್ಲ. ಸೂಜಿ ಚುಚ್ಚಿದ ಹಾಗೆ ತೂರಿಕೊಂಡು ಹೋಗುತ್ತದೆ, ಪ್ರಾಣಿ ನರಳಿಕೊಂಡು ಮೈಲಿಗಟ್ಟಲೆ ಓಡಬಹುದು. ಜಿಂಕೆ ಶಿಕಾರಿಗೆ ಅದನ್ನು ಹಲವು ರಾಜ್ಯಗಳ ಕಾನೂನೂ ಒಪ್ಪುವುದಿಲ್ಲ. ಮ್ಯಾಚ್ ಅಂತ ಬರೆದ ಬಾಕ್ಸ್ ಕೂಡ ಬೇಡ, ಅದು ಗುರಿ ಹಲಗೆಗೆ ಹೊಡೆಯುವವರಿಗೆ ಮಾಡಿದ್ದು. ಶಿಕಾರಿಯ ಗುಂಡು ಮೈಯೊಳಗೆ ಹೊಕ್ಕ ಮೇಲೆ ಅರಳಬೇಕು, ಆದರೆ ಒಡೆದು ಪುಡಿಯಾಗಬಾರದು. ಅರಳಿದ ಮೇಲೂ ಆಚೆ ಪಕ್ಕೆಯಿಂದ ಹೊರಗೆ ಬರುವಷ್ಟು ಗಟ್ಟಿ ಇರಬೇಕು.

ಇದನ್ನು ನಾನು ಕಲಿತದ್ದು ಒಂದು ಜಿಂಕೆ ಕಳೆದುಹೋದ ದಿನ. ನನ್ನನ್ನು ಮೊದಲು ಕಾಡಿಗೆ ಕರೆದುಕೊಂಡು ಹೋದ ಹಿರಿಯರ ಹತ್ತಿರ .300 ಮ್ಯಾಗ್ನಂ ಇತ್ತು, .308ಕ್ಕಿಂತ ಜಾಸ್ತಿ ವೇಗದಲ್ಲಿ ಗುಂಡು ಹಾರಿಸುವ ರೈಫಲ್ ಅದು, ಅದಕ್ಕೆ ಹಗುರವಾದ, ತೆಳು ಹೊದಿಕೆಯ, ತುದಿಗೆ ಪ್ಲಾಸ್ಟಿಕ್ ಇರುವ ಗುಂಡು ಹಾಕಿದ್ದರು. ದೂರದ ಬಯಲಿಗೆ ಒಳ್ಳೆಯ ಗುಂಡೇ ಅದು. ಆದರೆ ಅವತ್ತು ಜಿಂಕೆ ನಲವತ್ತು ಗಜದಲ್ಲಿ, ನಮ್ಮ ಕಡೆಗೆ ಓರೆಯಾಗಿ ನಿಂತಿತ್ತು. ಈಡು ಸರಿಯಾಗಿ ಭುಜಕ್ಕೇ ಬಿತ್ತು. ನಿಂತಿದ್ದ ಜಾಗಕ್ಕೆ ಹೋಗಿ ನೋಡಿದರೆ ಓಕ್ ಎಲೆಗಳ ಮೇಲೆ ಒಂದು ಹಿಡಿ ಬೂದುಗಂದು ಕೂದಲು, ಉಗುರಿನಷ್ಟು ದೊಡ್ಡ ಮೂಳೆ ಚೂರು, ನಾಲ್ಕು ಹನಿ ರಕ್ತ. ಅಷ್ಟೇ. ಮುಂದೆ ಒಂದು ಹನಿಯೂ ಇಲ್ಲ. ಗುಂಡು ಭುಜದ ಮೂಳೆಯ ಮೇಲೇ ಸಿಡಿದು ಹೋಗಿತ್ತು. ಒಳಗಿನ ಅಂಗಕ್ಕೆ ಮುಟ್ಟಿರಲಿಲ್ಲ, ಆಚೆ ಕಡೆ ತೂತೂ ಇಲ್ಲದ ಮೇಲೆ ರಕ್ತ ಬೀಳುವುದಾದರೂ ಹೇಗೆ? ಕತ್ತಲಾಗುವ ತನಕ ಹುಡುಕಿದೆವು, ಆಮೇಲೆ ಟಾರ್ಚ್ ಹಿಡಿದು ಹುಡುಕಿದೆವು, ಮರುದಿನ ಬೆಳಿಗ್ಗೆ ಜೌಗಿನ ಅಂಚಿನಲ್ಲೆಲ್ಲ ಮತ್ತೆ ಹುಡುಕಿದೆವು. ಸಿಗಲಿಲ್ಲ. ಆ ಹಿರಿಯರು ಒಳ್ಳೆಯ ಗುರಿಕಾರರು, ಅವರ ಮುಖ ನೋಡುವುದಕ್ಕೆ ಆಗುತ್ತಿರಲಿಲ್ಲ. ಮೂರು ಕಾಲಲ್ಲಿ ಆ ಜಿಂಕೆ ಎಷ್ಟು ದಿನ ಬದುಕಿತ್ತೋ ಅನ್ನುವುದು ನನಗೆ ಇವತ್ತಿಗೂ ನವೆಂಬರ್ ಬಂದರೆ ಮನಸ್ಸಿಗೆ ಬರುತ್ತದೆ.

ಹಾಗಾಗಿ ನಾನು ಗುಂಡು ಆರಿಸುವುದು ಚೆಂದವಾಗಿ ಅಡ್ಡಕ್ಕೆ ನಿಂತ ಜಿಂಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಲ್ಲ. ಅಡ್ಡಕ್ಕೆ ನಿಂತಾಗ, ಪಕ್ಕೆಗೆ ಬಿದ್ದರೆ, ಯಾವ ಶಿಕಾರಿ ಗುಂಡಾದರೂ ಕೆಲಸ ಮಾಡುತ್ತದೆ. ತೀರಾ ಹತ್ತಿರದಲ್ಲಿ, ವೇಗ ಜಾಸ್ತಿ ಇರುವಾಗ, ಮೂಳೆಗೆ ತಗುಲಿದರೂ ಒಡೆಯದೆ ಆಚೆ ಹೋಗುವ ಗುಂಡು ಬೇಕು. ಜಾನ್ ನಾಸ್ಲರ್ ಅನ್ನುವವರಿಗೆ 1946ರಲ್ಲಿ ಕೆನಡಾದಲ್ಲಿ ಇದೇ ಆಗಿತ್ತು. ಮೈಗೆಲ್ಲ ಕೆಸರು ಮೆತ್ತಿಕೊಂಡಿದ್ದ ಮೂಸ್ ಅನ್ನುವ ದೈತ್ಯ ಜಿಂಕೆಯ ಮೇಲೆ ಅವರ ವೇಗದ ಗುಂಡುಗಳು ಮೇಲುಮೇಲೇ ಸಿಡಿದವು. ಮನೆಗೆ ಬಂದು ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಇಡಿಯಾಗಿ ಉಳಿದು ಒಳಕ್ಕೆ ನುಗ್ಗುತ್ತದೆ. ಅದೇ ಪಾರ್ಟಿಷನ್ ಗುಂಡು, ಈಗಲೂ ಸಿಗುತ್ತದೆ. ಅದು ಬೇಡ ಅಂದರೆ ಬಾಕ್ಸ್ ಮೇಲೆ ಬಾಂಡೆಡ್ ಅಂತ ಇದೆಯಾ ನೋಡಿ. ಒಳಗಿನ ಸೀಸ ಮತ್ತು ಮೇಲಿನ ಹೊದಿಕೆ ಬೇರೆಯಾಗದ ಹಾಗೆ ಬೆಸೆದಿರುತ್ತಾರೆ. ತುದಿಯಲ್ಲಿ ಸೀಸ ಹೊರಗೆ ಕಾಣುವ ಸಾದಾ ಸಾಫ್ಟ್ ಪಾಯಿಂಟ್ ಕೂಡ .308ರ ವೇಗಕ್ಕೆ ಚೆನ್ನಾಗಿಯೇ ನಡೆಯುತ್ತದೆ, ಬೆಲೆಯೂ ಕಡಿಮೆ. ನಿಮಗೆ ಸಿಗುವುದು ಕಾಡಿನೊಳಗಿನ ನೂರು ಗಜದ ಒಳಗಿನ ಈಡು, ಅಷ್ಟಕ್ಕೆ ದೂರದ ಶೂಟಿಂಗಿಗೆ ಅಂತ ಮಾಡಿದ ದುಬಾರಿ ಗುಂಡು ಬೇಕಿಲ್ಲ.

ಮನೆಯಲ್ಲಿ ಪುಟ್ಟ ಮಕ್ಕಳೋ ಬಸುರಿಯೋ ಇದ್ದರೆ ಮಾತ್ರ ಸೀಸದ ಗುಂಡು ಬೇಡ ಅಂತ ಖಡಾಖಂಡಿತವಾಗಿ ಹೇಳುತ್ತೇನೆ. ಸೀಸದ ಗುಂಡು ಅರಳುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ಅರ್ಧ ಅಡಿಗಿಂತ ದೂರದ ಮಾಂಸದೊಳಕ್ಕೂ ಹೋಗುತ್ತವೆ. ಎಕ್ಸ್‌ರೇ ತೆಗೆದರೆ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ, ತೊಳೆದರೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಮಗು ಹುಟ್ಟಿದಾಗಿನಿಂದ ನಾನು ಪೂರ್ತಿ ತಾಮ್ರದ ಗುಂಡನ್ನೇ ಬಳಸುವುದು. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈಯಿಂದ ಶಿಕಾರಿಗೆ ಸೀಸವೇ ನಿಷಿದ್ಧ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅದಕ್ಕೇ ತಾಮ್ರದಲ್ಲಿ ಒಂದು ಮೆಟ್ಟಿಲು ಕೆಳಗೆ ಬನ್ನಿ, .308ಕ್ಕೆ 130 ಗ್ರೇನ್ ಸಾಕು. ಹಗುರ ಅಂತ ಹೆದರಬೇಡಿ, ತೂಕ ಕಳೆದುಕೊಳ್ಳದ ಕಾರಣ ಅದು ಆಚೆ ಹೋಗಿಯೇ ಹೋಗುತ್ತದೆ. ಮೊದಲ ಸಲ ತಾಮ್ರದಲ್ಲಿ ಹೊಡೆದಾಗ ಜಿಂಕೆ ಅರವತ್ತು ಗಜ ಓಡಿತು, ಎರಡೂ ಪಕ್ಕೆಯಲ್ಲಿ ತೂತಾಗಿದ್ದರಿಂದ ದಾರಿಯ ಎರಡೂ ಕಡೆ ಹುಲ್ಲಿನ ಮೇಲೆ ನೊರೆ ನೊರೆಯಾದ ತಿಳಿಗೆಂಪು ರಕ್ತ. ಶ್ವಾಸಕೋಶದ ರಕ್ತ ಹಾಗಿರುತ್ತದೆ. ನಡೆದುಕೊಂಡು ಹೋದರೆ ಅಲ್ಲೇ ಬಿದ್ದಿತ್ತು. ಅವತ್ತು ನನಗೆ ಆದ ಹೆಮ್ಮೆ ಸಣ್ಣದಲ್ಲ.

ಯಾವುದನ್ನೇ ಕೊಂಡರೂ ಒಂದೇ ತರಹದ್ದು ಎರಡು ಬಾಕ್ಸ್ ಕೊಳ್ಳಿ. ರೈಫಲ್ ಯಜಮಾನರ ಗುಂಡಿಗೆ ಗುರಿ ಹೊಂದಿಸಿದ್ದು ನಿಮ್ಮ ಗುಂಡಿಗೆ ಹೊಂದುವುದಿಲ್ಲ, ಬೇರೆ ಗುಂಡು ಬೇರೆ ಕಡೆ ಬೀಳುತ್ತದೆ. ಶೂಟಿಂಗ್ ರೇಂಜಿಗೆ ಹೋಗಿ ನೂರು ಗಜದಲ್ಲಿ ನಿಮ್ಮದೇ ಬಾಕ್ಸಿನಿಂದ ಹೊಡೆದು, ಸ್ಕೋಪ್ ಅಂದರೆ ರೈಫಲ್ ಮೇಲಿನ ಗುರಿಯ ದುರ್ಬೀನು ಸರಿಮಾಡಿಕೊಂಡು, ಉಳಿದದ್ದನ್ನು ಕಾಡಿಗೆ ಒಯ್ಯಿರಿ. ಮುಂಗಾಲಿನ ಹಿಂದೆ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ. ಎದುರಿಗೆ ಮುಖ ಮಾಡಿ ನಿಂತಿದ್ದರೆ ಬಿಟ್ಟುಬಿಡಿ, ಮೊದಲ ವರ್ಷ ಬರಿಗೈಯಲ್ಲಿ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಹೊಡೆದ ಮೇಲೆ ಅರ್ಧ ಗಂಟೆ ಕೂತಲ್ಲೇ ಕೂತಿರಿ.

ಬಟ್ಟೆ, ಬೂಟು, ಚಳಿ ಇದೆಲ್ಲ ನಿಮ್ಮ ಆಫೀಸಿನವರೇ ಹೇಳುತ್ತಾರೆ. ಅಮ್ಮನಿಗೆ ಹೇಳುವ ವಿಷಯ ನಿಮಗೇ ಬಿಟ್ಟದ್ದು. ನಾನು ನಮ್ಮಮ್ಮನಿಗೆ ಬಹಳ ವರ್ಷ ಹೇಳಿರಲಿಲ್ಲ. ಯಾಕೆ ಅಂತ ನಿಮಗೆ ಗೊತ್ತಿದೆ.

ಖಾಲಿ ಕೊಳವೆ ಊರಿಗೆ ಒಯ್ಯಬೇಡಿ. ಅದಕ್ಕಿಂತ ಮುಖ್ಯ, ಶಿಕಾರಿಗೆ ಒಯ್ದ ಬ್ಯಾಗನ್ನೇ ವಿಮಾನಕ್ಕೆ ಒಯ್ಯಬೇಡಿ. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದು ಜೀವಂತ ಗುಂಡು ನಮ್ಮ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಕೇಸು, ರಜೆ ಪೂರ್ತಿ ಠಾಣೆ, ವಕೀಲರು ಅಂತಲೇ ಹೋಗುತ್ತದೆ. ಕಾಡಿಗೆ ಅಂತಲೇ ಒಂದು ಬೇರೆ ಬ್ಯಾಗು, ಬೇರೆ ಜಾಕೆಟ್ ಇಟ್ಟುಕೊಳ್ಳಿ, ಅವು ಯಾವತ್ತೂ ಊರಿನ ಸೂಟ್‌ಕೇಸಿನ ಹತ್ತಿರ ಬರುವುದು ಬೇಡ. ಯಾವ ಬಾಕ್ಸ್ ಕೊಂಡಿರಿ, ರೇಂಜಿನಲ್ಲಿ ಹೇಗೆ ಬಿತ್ತು ಅಂತ ಬರೆಯಿರಿ, ಸ್ಕೋಪ್ ಹೊಂದಿಸುವುದರಲ್ಲಿ ಏನಾದರೂ ತೊಡಕಾದರೆ ಅದನ್ನೂ ಕೇಳಿ.