ಅಪ್ಪಾಜಿಯ ಬಗ್ಗೆ ಇನ್ನೊಂದು ಸಲ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ‘ನನ್ನ ಪೂಜ್ಯ ತಂದೆಯವರು’ ಲೇಖನವನ್ನು ಎರಡು ಸಲ ಓದಿದೆ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ 34 ವರ್ಷ ಲೆಕ್ಕ ಬರೆದವರು, ಮೂರು ಮಕ್ಕಳನ್ನು ಓದಿಸಿದವರು, ಹೋದ ವರ್ಷ ಶಿವೈಕ್ಯರಾದವರು. ನಿಮ್ಮ ದುಃಖ ಇನ್ನೂ ಹಸಿಯಾಗಿದೆ ಅಂತ ಪ್ರತಿ ಪುಟದಲ್ಲೂ ಗೊತ್ತಾಗುತ್ತದೆ. ಆದರೂ ನೇರವಾಗಿ ಹೇಳಬೇಕು. ಇದು ಹೀಗೇ ಇದ್ದರೆ ನಾವು ಹಾಕಲಾರೆವು. ಹಾಗಂತ ಕೈಬಿಡಬೇಡಿ. ಇದರೊಳಗೆ ಒಂದು ಒಳ್ಳೆಯ ಬರಹ ಇದೆ, ಅದಕ್ಕೇ ಇಷ್ಟು ಉದ್ದದ ಪತ್ರ.

“ಹುಟ್ಟು ಉಚಿತ, ಸಾವು ಖಚಿತ” ಅಂತ ಶುರು ಮಾಡಿದ್ದೀರಿ. ಆಮೇಲೆ ಸರಳ ಸಜ್ಜನಿಕೆಯ ಮೂರ್ತಿ, ಅಜಾತಶತ್ರು, ಸ್ನೇಹಜೀವಿ, ಕೊಡುಗೈ ದಾನಿ, ತುಂಬಲಾರದ ನಷ್ಟ. ಇವೆಲ್ಲ ಶ್ರದ್ಧಾಂಜಲಿ ಫ್ಲೆಕ್ಸ್‌ನ ಮಾತುಗಳು. ಫೋಟೋ ಬದಲಾಯಿಸಿದರೆ ಪಕ್ಕದ ಬೀದಿಯವರಿಗೂ ಹೊಂದುತ್ತವೆ. ನೀವು ಸುಳ್ಳು ಬರೆದಿದ್ದೀರಿ ಅಂತ ನಾನು ಹೇಳುತ್ತಿಲ್ಲ. ಅವರು ನಿಜವಾಗಿಯೂ ಹಾಗೇ ಇದ್ದಿರಬಹುದು. ಆದರೆ ಮೊದಲ ಎರಡು ಪುಟ ಮುಗಿದರೂ ನನಗೆ ಅವರ ಮುಖ ಕಾಣಲಿಲ್ಲ.

ಮೂರನೇ ಪುಟದಲ್ಲಿ ಒಂದು ಸಾಲು ಬರುತ್ತದೆ. “ಭಾನುವಾರ ಅಪ್ಪಾಜಿ ಅಟ್ಟ ಹತ್ತಿ, ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಇದರಲ್ಲಿ ಇನ್ನೂ ನೀರಿದೆ ಮಗಾ, ಇರಲಿ ಬಿಡು, ಅನ್ನುತ್ತಿದ್ದರು.” ಅಲ್ಲಿ ಥಟ್ಟನೆ ಅವರು ಸಿಕ್ಕಿಬಿಟ್ಟರು! ತಲೆ ವಾರೆ ಮಾಡಿಕೊಂಡು ಕಾಯಿಯ ಸದ್ದು ಕೇಳುತ್ತಿರುವ ಒಬ್ಬ ಮನುಷ್ಯ. ಅವಸರ ಇಲ್ಲದ ಮನುಷ್ಯ. ಇಡೀ ಲೇಖನದಲ್ಲಿ ‘ಅಪ್ಪಾಜಿ’ ಅನ್ನುವ ಮಾತು ಬಂದಿರುವುದೂ ಇದೊಂದೇ ಕಡೆ. ಉಳಿದ ಕಡೆಯೆಲ್ಲ ‘ಪೂಜ್ಯ ತಂದೆಯವರು’. ಮನೆಯಲ್ಲಿ ಹಾಗೆ ಕರೆಯುತ್ತಿರಲಿಲ್ಲ, ಅಲ್ವಾ? ಕರೆಯುತ್ತಿದ್ದ ಹಾಗೇ ಬರೆಯಿರಿ. ಗೌರವ ಕಡಿಮೆಯಾಗುವುದಿಲ್ಲ.

ಆ ಅಟ್ಟವನ್ನು ಒಂದೇ ಸಾಲಿಗೆ ಮುಗಿಸಿದ್ದೀರಿ. ನಿಮಗದು ದಿನಾ ಕಂಡ ಸಂಗತಿ, ಬೀದರಿನ ಓದುಗರಿಗೆ ಹೊಸದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುವುದು, ತಿಂಗಳುಗಟ್ಟಲೆ ಅಲ್ಲೇ ಬಿಡುವುದು, ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಟ್ಟು ಉಂಡೆಯಾಗುವುದು, ಆಗ ಅಲ್ಲಾಡಿಸಿದರೆ ಗಡಗಡ ಅನ್ನುವುದು. ಉಂಡೆ ಕೊಬ್ಬರಿ ಮಾಡುವ ಮನೆಗಳಲ್ಲಿ ಕಾಯುವುದೇ ಅರ್ಧ ಕೆಲಸ. ವಾರವಿಡೀ ಬೇರೆಯವರ ಕ್ವಿಂಟಾಲ್ ಲೆಕ್ಕ ಬರೆದು, ಭಾನುವಾರ ತಮ್ಮ ಮನೆಯ ನಾಲ್ಕು ಕಾಯಿಯ ಹತ್ತಿರ ಅವರು ಕೂರುತ್ತಿದ್ದರಲ್ಲ, ಅಲ್ಲಿಂದಲೇ ಶುರು ಮಾಡಿ. ಮೊದಲ ಎರಡು ಪುಟ ಹೋಗಲಿ ಬಿಡಿ.

ಇಲ್ಲಿ ನಮ್ಮದೇ ಒಂದು ಹಳೆಯ ಕಲ್ಲು ನೆನಪಾಗುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಸುಮಾರು 950ರದ್ದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಗಂಗರ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕೋ ಕೇಳು ಅಂದನಂತೆ. ಅವನು ಕಾಳಿ ಅನ್ನುವ ನಾಯಿಯನ್ನು ಕೊಡಿ ಅಂದ. ಆಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿ ದೊಡ್ಡದೊಂದು ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಮಣಲೇರ ಅದಕ್ಕೊಂದು ಕಲ್ಲು ನಿಲ್ಲಿಸಿದ. ನಾಯಿಯ ಹೆಸರು, ಗುಡ್ಡದ ದಿಕ್ಕು, ಎದುರಿಗಿದ್ದ ಪ್ರಾಣಿ, ಎಲ್ಲ ಅದರಲ್ಲಿದೆ. ಸಾವಿರ ವರ್ಷದ ಮೇಲೂ ಆ ನಾಯಿ ನಮಗೆ ಗೊತ್ತು. ‘ಸ್ವಾಮಿನಿಷ್ಠ ಶ್ವಾನ’ ಅಂತಷ್ಟೇ ಕೆತ್ತಿಸಿದ್ದರೆ ಗೊತ್ತಾಗುತ್ತಿತ್ತಾ? ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ ಬನ್ನಿ.

ಇನ್ನು ಸ್ವಲ್ಪ ಕಷ್ಟದ ವಿಷಯ. ನಿಮ್ಮ ಅಪ್ಪಾಜಿ ಕೇಳಿದವರಿಗೆಲ್ಲ ಕೈಗಡ ಕೊಡುತ್ತಿದ್ದರು ಅಂತ ಬರೆದು, ಅದರ ಹಿಂದೆಯೇ “ಅಮ್ಮ ಕೆಲವೊಮ್ಮೆ ಬೇಸರ ಮಾಡಿಕೊಳ್ಳುತ್ತಿದ್ದರು” ಅಂತ ಸೇರಿಸಿ, ತಕ್ಷಣ ಬೇರೆ ವಿಷಯಕ್ಕೆ ಹೋಗಿದ್ದೀರಿ. ಯಾಕೆ ಬೇಸರ? ಶಾಲೆ ಫೀಸಿನ ದುಡ್ಡು ಹೋಗಿತ್ತಾ? ಓಲೆ ಅಡವಿಗೆ ಹೋಗಿತ್ತಾ? ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಒಂದು ಒರಟು ಗಾದೆ ಇದೆ. ನಿಮ್ಮ ಅಪ್ಪಾಜಿ ಹಾಗಿದ್ದರು ಅಂತ ನನಗೆ ಖಂಡಿತ ಅನ್ನಿಸುವುದಿಲ್ಲ. ಆದರೆ ಊರು ಇಷ್ಟಪಟ್ಟ ಮನುಷ್ಯನ ಒಳ್ಳೆಯತನಕ್ಕೆ ಮನೆಯಲ್ಲಿ ಯಾರೋ ಒಬ್ಬರು ಬೆಲೆ ಕೊಟ್ಟಿರುತ್ತಾರೆ. ಈ ಲೇಖನದಲ್ಲಿ ಅಮ್ಮನಿಗೆ ಸಿಕ್ಕಿರುವುದು ಒಂದೇ ಸಾಲು. ಆ ಬೇಸರವನ್ನು ಬರೆದರೆ ಅಪ್ಪಾಜಿ ಸಣ್ಣವರಾಗುತ್ತಾರೆ ಅಂತ ಹೆದರಿದ್ದೀರಿ ಅನ್ನಿಸಿತು. ಹೆದರಬೇಡಿ. ಓದುವವರು ಅವರನ್ನು ಇನ್ನೂ ಹತ್ತಿರದಿಂದ ನೋಡುತ್ತಾರೆ, ಅಷ್ಟೇ. ಹಾಗೇ, ಬರೆಯುವ ಮುಂಚೆ ಅಮ್ಮನಿಗೆ ಹೇಳಿ. ಯಾವುದು ಬೇಡ ಅನ್ನುತ್ತಾರೋ ಅದನ್ನು ಬಿಡಿ. ಸಾಲ ತಗೊಂಡವರ ಹೆಸರಂತೂ ಬೇಡವೇ ಬೇಡ.

ಹುಟ್ಟಿದ ಊರು, ಓದು, ಮದುವೆ, ಪ್ರಶಸ್ತಿ ಪತ್ರ ಇವಕ್ಕೆಲ್ಲ ನಾಲ್ಕು ಸಾಲು ಸಾಕು.

ಮಂಡಿಯಲ್ಲಿ ಅವರ ಜೊತೆ ಕೆಲಸ ಮಾಡಿದವರು ಇನ್ನೂ ಇರುತ್ತಾರೆ. ಹೋಗಿ ಮಾತಾಡಿಸಿ. “ನಮ್ಮ ಅಪ್ಪಾಜಿ ಹೇಗಿದ್ದರು” ಅಂತ ಕೇಳಿದರೆ “ದೇವರಂಥವರು ಕಣಮ್ಮ” ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. “ಬೆಳಿಗ್ಗೆ ಬಂದ ತಕ್ಷಣ ಏನು ಮಾಡುತ್ತಿದ್ದರು, ಲೆಕ್ಕ ತಪ್ಪಿದ ದಿನ ಏನಂದರು” ಅಂತ ಕೇಳಿ ನೋಡಿ.

ಕೊನೆಯದಾಗಿ, ಶಿವಗಣಾರಾಧನೆಯ ದಿನದ ಆ ಭಾಗ. ಹೂವು ಮಾರುವ ಅಜ್ಜಿಯೊಬ್ಬರು ಬಂದು, ಸೆರಗಿನ ಗಂಟು ಬಿಚ್ಚಿ, “ಸಾಹೇಬ್ರು ಕೊಟ್ಟಿದ್ದು, ಐನೂರು” ಅಂತ ಅಮ್ಮನ ಮುಂದೆ ಹಿಡಿದರು ಅಂತ ಬರೆದಿದ್ದೀರಿ. ಮುಂದಿನ ಸಾಲು “ನೆರೆದವರೆಲ್ಲ ಕಂಬನಿ ಮಿಡಿದರು”. ನೆರೆದವರು ಇರಲಿ. ಅಮ್ಮ ಆ ದುಡ್ಡು ತಗೊಂಡರಾ? ಏನಂದರು? ಇಷ್ಟು ವರ್ಷ ಬೇಸರ ಮಾಡಿಕೊಂಡ ಅದೇ ಅಮ್ಮ, ಆ ಹೊತ್ತಿನಲ್ಲಿ. ಎರಡು ಸಲ ಓದಿದ ಮೇಲೂ ನನಗೆ ಅದೇ ಪ್ರಶ್ನೆ ಉಳಿದಿದೆ.

ಅವಸರ ಏನಿಲ್ಲ. ಊರಿಗೆ ಹೋದಾಗ ಒಂದು ಮಧ್ಯಾಹ್ನ ಅಮ್ಮನ ಹತ್ತಿರ ಕೂತು ಕೇಳಿ, ಬರೆದು ಕಳಿಸಿ. ಕಾಯುತ್ತಿರುತ್ತೇನೆ.

ಇತಿ,
ಸಂಪಾದಕ