ಪ್ಲಗಿನ್‌ನಿಂದ ವೆಬ್‌ಗೆ: ಹಳೆಯ ಶ್ರಮದಲ್ಲಿ ಏನನ್ನು ಉಳಿಸಿಕೊಳ್ಳಬಹುದು?

ಪ್ರಶ್ನೆ: ಯಕ್ಷಗಾನದ ಹಿಮ್ಮೇಳ ಕಲಿಯುವ ಮಕ್ಕಳಿಗಾಗಿ, ಮದ್ದಳೆಯ ಪೆಟ್ಟುಗಳನ್ನು ಗುರುತಿಸಿ ತಾಳ ತಪ್ಪಿದ ಜಾಗವನ್ನು ಪರದೆಯ ಮೇಲೆ ತೋರಿಸುವ ಬ್ರೌಸರ್ ಪ್ಲಗಿನ್ ಒಂದನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿದ್ದೆ. ಈಗ ಅದು ಹಳೆಯ ಫೈರ್‌ಫಾಕ್ಸ್ ಇರುವ ಒಂದು ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ನಮ್ಮ ಕನ್ನಡ ಮಾಧ್ಯಮ ಶಾಲೆಯ ಲ್ಯಾಬಿನಲ್ಲಿರುವುದು ಲಿನಕ್ಸ್, ಮಕ್ಕಳ ಮನೆಯಲ್ಲಿರುವುದು ಮೊಬೈಲ್. ಎಲ್ಲವನ್ನೂ ಜಾವಾಸ್ಕ್ರಿಪ್ಟ್‌ನಲ್ಲಿ ಮೊದಲಿನಿಂದ ಬರೆಯಬೇಕೆ?
– ಓದುಗರು, ಬದಿಯಡ್ಕ

ಉತ್ತರ: ಬೇಕಾಗಿಲ್ಲ. ಆದರೆ ಇರುವುದನ್ನು ಇದ್ದ ಹಾಗೆಯೇ ಸಾಗಿಸಲೂ ಬರುವುದಿಲ್ಲ. ನೆಟ್‌ಸ್ಕೇಪ್ ಎಂಬ ಹಳೆಯ ಬ್ರೌಸರಿನ ಕಾಲದಲ್ಲಿ, ಅಂದರೆ 1995ರ ಹೊತ್ತಿಗೆ, ಹುಟ್ಟಿದ, ನಿಮ್ಮ ಪ್ಲಗಿನ್ ನೆಚ್ಚಿಕೊಂಡಿರುವ ಎನ್‌ಪಿಎಪಿಐ ಪ್ಲಗಿನ್ ವ್ಯವಸ್ಥೆಯನ್ನು ಕ್ರೋಮ್ 2015ರ ಸೆಪ್ಟೆಂಬರಿನಲ್ಲಿ ಪೂರ್ತಿಯಾಗಿ ಕೈಬಿಟ್ಟಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಫ್ಲ್ಯಾಶ್ ಒಂದನ್ನುಳಿದು ಮಿಕ್ಕೆಲ್ಲವನ್ನೂ ನಿಲ್ಲಿಸಿತು. ಕಂಪ್ಯೂಟರಿನ ಮುಂದೆ ಕುಳಿತವರಿಗೆ ಎಷ್ಟು ಅಧಿಕಾರವಿದೆಯೋ ಅಷ್ಟೂ ಪ್ಲಗಿನ್‌ಗೆ ಸಿಗುತ್ತಿತ್ತು. ಅದರಲ್ಲಿ ಒಂದು ಲೋಪವಿದ್ದರೆ ಇಡೀ ಯಂತ್ರವೇ ಪರರ ಕೈಗೆ ಹೋಗಬಹುದಿತ್ತು. ಆದ್ದರಿಂದ ಆ ಹಳೆಯ ಫೈರ್‌ಫಾಕ್ಸ್ ಇರುವ ಕಂಪ್ಯೂಟರನ್ನು ದಯವಿಟ್ಟು ಇಂಟರ್‌ನೆಟ್‌ಗೆ ಜೋಡಿಸಬೇಡಿ.

ನಿಮ್ಮ ಪ್ರೋಗ್ರಾಮಿನಲ್ಲಿ ನಿಜವಾಗಿ ಬೆಲೆಬಾಳುವುದು ಪೆಟ್ಟನ್ನು ಗುರುತಿಸುವ ಲೆಕ್ಕಾಚಾರ. ಅದು ವಿಂಡೋಸ್‌ನ ಕರೆಗಳನ್ನು ನೇರವಾಗಿ ಬಳಸದೆ ಪ್ರತ್ಯೇಕ ಫೈಲುಗಳಲ್ಲಿದ್ದರೆ, ಎಂಸ್ಕ್ರಿಪ್ಟನ್ ಎಂಬ ಉಚಿತ ಕಂಪೈಲರ್ ಅದನ್ನು ಬಹುತೇಕ ಹಾಗೆಯೇ, ಬ್ರೌಸರ್ ನೇರವಾಗಿ ಓಡಿಸಬಲ್ಲ ಕೋಡಿನ ರೂಪವಾದ ವೆಬ್‌ಅಸೆಂಬ್ಲಿಯಾಗಿ ಮಾರ್ಪಡಿಸುತ್ತದೆ. ವೆಬ್‌ಅಸೆಂಬ್ಲಿ 2017ರಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿಯೂ ಇದೆ, 2019ರ ಡಿಸೆಂಬರಿನಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅದನ್ನು ಅಧಿಕೃತ ಮಾನದಂಡವಾಗಿ ಅಂಗೀಕರಿಸಿದೆ. ಕೇರಳದ ಶಾಲೆಗಳಿಗೆ ಸರಕಾರದ ಕೈಟ್ ಸಂಸ್ಥೆ ಕೊಡುವ, ಲಿನಕ್ಸ್‌ನ ಒಂದು ರೂಪವಾದ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿಯೂ ಮಕ್ಕಳ ಮೊಬೈಲಿನಲ್ಲಿಯೂ ಒಂದೇ ಫೈಲು ನಡೆಯುತ್ತದೆ ಎಂಬುದೇ ಇದರ ದೊಡ್ಡ ಲಾಭ. ಗುಂಡಿಗಳು, ಪಟ್ಟಿಗಳು, ತರಂಗದ ಚಿತ್ರ ಇವುಗಳನ್ನು ಮಾತ್ರ ಎಚ್‌ಟಿಎಂಎಲ್ ಮತ್ತು ಅದರ ಚಿತ್ರ ಬಿಡಿಸುವ ಭಾಗವಾದ ಕ್ಯಾನ್ವಾಸ್‌ನಲ್ಲಿ ಹೊಸದಾಗಿ ಬರೆಯಿರಿ. ಹಳೆಯ ಪರದೆಯ ಕೋಡನ್ನು ಅನುಕರಿಸಲು ಹೋದರೆ ಶ್ರಮ ಇಮ್ಮಡಿಯಾಗುತ್ತದೆ.

ನಿಮಗೆ ತೊಡಕಾಗುವುದು ಧ್ವನಿಯ ಭಾಗ, ಹಾಗಾಗಿ ಅದನ್ನು ತುಸು ವಿವರವಾಗಿ ಹೇಳುತ್ತೇನೆ. ಮೈಕ್ ಬಳಸಲು ಬ್ರೌಸರ್ ಬಳಕೆದಾರರ ಅನುಮತಿ ಕೇಳುತ್ತದೆ, ಪುಟವು ಎಚ್‌ಟಿಟಿಪಿಎಸ್ ಮೂಲಕ ಬಂದಿರಬೇಕೆಂದು ಬಯಸುತ್ತದೆ. ಅನುಮತಿ ಸಿಕ್ಕ ಮೇಲೂ, ಮಾತುಕತೆಗೆ ಅನುಕೂಲವಾಗಲೆಂದು ಪ್ರತಿಧ್ವನಿ ನಿವಾರಣೆ, ಗದ್ದಲ ನಿವಾರಣೆ, ಧ್ವನಿಮಟ್ಟದ ಸ್ವಯಂ ಹೊಂದಾಣಿಕೆ ಎಂಬ ಮೂರು ಸೌಲಭ್ಯಗಳು ಸಾಮಾನ್ಯವಾಗಿ ತಾವಾಗಿಯೇ ಚಾಲೂ ಆಗಿರುತ್ತವೆ. ಮದ್ದಳೆಯ ಚಿಕ್ಕ, ಚುರುಕಾದ ಪೆಟ್ಟನ್ನು ಅವು ಗದ್ದಲವೆಂದು ಬಗೆದು ಅಳಿಸಿಬಿಡಬಹುದಾದ್ದರಿಂದ, ಮೈಕ್ ತೆರೆಯುವಾಗಲೇ ಆ ಮೂರನ್ನೂ ಆಫ್ ಮಾಡಬೇಕೆಂದು ಸೂಚಿಸಿ. ಬಳಿಕ ಧ್ವನಿಯನ್ನು, ಪುಟದ ಉಳಿದ ಕೆಲಸಗಳಿಂದ ಬೇರೆಯಾಗಿ ಅದನ್ನು ಸಂಸ್ಕರಿಸುವ ಆಡಿಯೊ ವರ್ಕ್‌ಲೆಟ್‌ನಲ್ಲಿ ಸ್ವೀಕರಿಸಿ. ಅಲ್ಲಿ ಅದು 128 ಮಾದರಿಗಳ ತುಂಡುಗಳಾಗಿ, ಅಂದರೆ 44,100 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 44,100 ಮಾದರಿ) ಸುಮಾರು 2.9 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಹಲವು ಮೊಬೈಲುಗಳಲ್ಲಿ ಈ ವೇಗ 48,000 ಇರುವುದರಿಂದ, ನಿಮ್ಮ ಹಳೆಯ ಕೋಡಿನಲ್ಲಿ 44,100 ಎಂದು ನೇರವಾಗಿ ಬರೆದಿದ್ದರೆ ಮೊದಲು ಅದನ್ನು ತಿದ್ದಿಕೊಳ್ಳಿ.

ತಾಳವನ್ನು ಜಾವಾಸ್ಕ್ರಿಪ್ಟ್‌ನ ಸಮಯಸೂಚಕವಾದ ಸೆಟ್‌ಟೈಮ್‌ಔಟ್‌ನಿಂದ ಎಣಿಸಬೇಡಿ. ಪುಟ ಹಿನ್ನೆಲೆಗೆ ಸರಿದಾಗ ಬ್ರೌಸರ್ ಅದನ್ನು ಸೆಕೆಂಡಿಗೊಮ್ಮೆ ಮಾತ್ರ ಓಡಿಸುವುದುಂಟು. ಮುಂದೆ ಇದ್ದಾಗಲೂ ಕೆಲವು ಮಿಲಿಸೆಕೆಂಡು ಹಿಂದೆಮುಂದೆ ಆಗುತ್ತಲೇ ಇರುತ್ತದೆ. ಝಂಪೆಯೋ ತ್ರಿವುಡೆಯೋ, ಆವರ್ತದ ಆರಂಭವನ್ನು ಬ್ರೌಸರಿನ ಧ್ವನಿ ವ್ಯವಸ್ಥೆಯಾದ ವೆಬ್ ಆಡಿಯೊದ ಸ್ವಂತ ಗಡಿಯಾರದಿಂದಲೇ ಲೆಕ್ಕ ಹಾಕಿದರೆ, ಯಂತ್ರದ ತಪ್ಪನ್ನು ಮಗುವಿನ ತಪ್ಪೆಂದು ತೋರಿಸುವ ಅನ್ಯಾಯ ಆಗುವುದಿಲ್ಲ. ಪ್ಲಗಿನ್ ಬರೆದವರಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಹೊಸದಾಗಿ ಕಾಣುವುದು ಕೆಲಸ ಮುಗಿಯುವವರೆಗೆ ಕಾಯದೆ ಮುಂದುವರಿಯುವ ಅದರ ಕ್ರಮ. ಅದನ್ನು ನಿಭಾಯಿಸುವ ಪ್ರಾಮಿಸ್ ಮತ್ತು ಅಸಿಂಕ್-ಅವೇಟ್ ಚೆನ್ನಾಗಿ ಅರ್ಥವಾಗುವವರೆಗೆ ದೊಡ್ಡ ಫ್ರೇಮ್‌ವರ್ಕ್‌ಗಳ ಗೋಜಿಗೆ ಹೋಗದಿರುವುದೇ ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಮಕ್ಕಳಿಗಾಗಿ ಮಾಡಿದ ಕನ್ನಡ ವ್ಯಾಕರಣದ ಫ್ಲ್ಯಾಶ್ ಪಾಠಗಳು ನನ್ನಲ್ಲಿವೆ. ಕೆಲವಕ್ಕೆ ಮೂಲ ಫೈಲು ಇಲ್ಲ. ಅವುಗಳಿಗೆ ದಾರಿಯಿದೆಯೇ?
– ಶಿಕ್ಷಕಿ, ಮಂಜೇಶ್ವರ

ಉತ್ತರ: ಇದೆ. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿ, 2021ರ ಜನವರಿ 12ರಿಂದ ಅದು ಓಡದಂತೆಯೂ ಮಾಡಿತು. ಮೂಲವಿಲ್ಲದ, ಅಂದರೆ ಓಡಿಸಲು ಸಿದ್ಧವಾದ ರೂಪದಲ್ಲಿ ಮಾತ್ರ ಉಳಿದ ಎಸ್‌ಡಬ್ಲ್ಯುಎಫ್ ಫೈಲುಗಳನ್ನು ರಫಲ್ ಎಂಬ ಮುಕ್ತ ತಂತ್ರಾಂಶದಲ್ಲಿ ತೆರೆದು ನೋಡಿ. ಅದೂ ವೆಬ್‌ಅಸೆಂಬ್ಲಿಯ ಮೂಲಕವೇ ಬ್ರೌಸರಿನಲ್ಲಿ ನಡೆಯುತ್ತದೆ. ಫ್ಲ್ಯಾಶ್‌ನ ಪ್ರೋಗ್ರಾಮಿಂಗ್ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್ 1 ಮತ್ತು 2ರ ಪಾಠಗಳು ಚೆನ್ನಾಗಿ ಬರುತ್ತವೆ, 3ರಲ್ಲಿ ಬರೆದವು ಕೆಲವೊಮ್ಮೆ ಕೈಕೊಡಬಹುದು. ಎಫ್‌ಎಲ್‌ಎ ಮೂಲವಿರುವ ಪಾಠಗಳ ಚಿತ್ರ ಮತ್ತು ಚಲನೆಯನ್ನು ಅಡೋಬಿ ಅನಿಮೇಟ್ ಎಚ್‌ಟಿಎಂಎಲ್5 ಕ್ಯಾನ್ವಾಸ್‌ಗೆ ತರುತ್ತದೆ, ಸ್ಕ್ರಿಪ್ಟನ್ನು ಮಾತ್ರ ಮತ್ತೆ ಬರೆಯಬೇಕು.

ಒಂದು ಕೋರಿಕೆ. ಫ್ಲ್ಯಾಶ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡದಿದ್ದುದರಿಂದ ಅನೇಕರು ಅಕ್ಷರಗಳನ್ನು ಚಿತ್ರಗಳಾಗಿ ಒಡೆದು ಇಡುತ್ತಿದ್ದರು. ಹೊಸ ಪಾಠದಲ್ಲಿ ಅದನ್ನು ಮುಂದುವರಿಸಬೇಡಿ. ಬರಹವನ್ನು ಯೂನಿಕೋಡ್‌ನಲ್ಲಿ, ಎಚ್‌ಟಿಎಂಎಲ್‌ನ ಪಠ್ಯವಾಗಿಯೇ ಇಡಿ. ಆಗ ಅದನ್ನು ಹುಡುಕಬಹುದು, ದೊಡ್ಡದು ಮಾಡಿ ಓದಬಹುದು, ಕಣ್ಣು ಕಾಣದ ಮಗುವಿಗೆ ಸ್ಕ್ರೀನ್ ರೀಡರ್ ಓದಿ ಹೇಳಬಲ್ಲದು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದ ಪಠ್ಯವನ್ನು ಪರಿವರ್ತಿಸಿದ ಮೇಲೆ ‘ಸೂರ್ಯ’, ‘ಕಾರ್ಯ’ದಂತಹ ಅರ್ಕಾವೊತ್ತಿನ ಪದಗಳನ್ನು ಕಣ್ಣಾರೆ ಪರಿಶೀಲಿಸಿ, ಏಕೆಂದರೆ ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡ್‌ನಲ್ಲಿ ರಕಾರವೇ ಮೊದಲು ಬರಬೇಕು.