ಮ್ಯೂಸಿಯಂನ ಬಾಟಲಿ ಕಪ್ಪೆಗಳ ಜೊತೆ ಕೂರುವುದಾ, ಕಾಡಿಗೆ ಹೋಗುವುದಾ?

ಎಂಎಸ್ಸಿ ಮುಗಿಸಿದ್ದೀರಿ. ಕಪ್ಪೆ, ಹಾವುಗಳ ಸಂಗ್ರಹ ನೋಡಿಕೊಳ್ಳುವ ಕೆಲಸ ಸಿಕ್ಕಿದೆ. 'ಸತ್ತ ಪ್ರಾಣಿಗಳ ಬಾಟಲಿ ಒರೆಸುತ್ತಾ ಕೂರಲಾ?' ಅಂತ ಕೇಳಿದ್ದೀರಿ. ನಾನೂ ಹೀಗೇ ಮೂಗು ಮುರಿಯುತ್ತಲೇ ಒಂದು ಕಾಲೇಜಿನ ಮ್ಯೂಸಿಯಂ ಸೇರಿದವನು. ಮನಸ್ಸೆಲ್ಲ ಆಗುಂಬೆಯ ಮಳೆಯಲ್ಲಿತ್ತು.

ಅಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗೂ ಮೊದಲು ಶರಾವತಿ ಕಣಿವೆಯಲ್ಲಿ ಹಿಡಿದ ಮರಗಪ್ಪೆಗಳಿದ್ದವು. ಹಿಡಿದ ಜಾಗ ಈಗ ನೀರಿನಡಿ. ಬಾಟಲಿಗಳಲ್ಲಿ ಸ್ಪಿರಿಟ್ (ನೀರು ಬೆರೆಸಿದ ಆಲ್ಕೋಹಾಲ್) ಅರ್ಧಕ್ಕೆ ಇಳಿದಿತ್ತು. ಹೊಸದು ತರಿಸಲು ಪರ್ಮಿಟ್ ಬೇಕು, ಸ್ಟಾಕ್ ಯಾವಾಗಲೂ ಕಮ್ಮಿ. ಹಾಗಾಗಿ ಹಳೆಯದನ್ನು ಚೆಲ್ಲದೆ, ಮೇಲಿಂದ 70 ಪರ್ಸೆಂಟ್ ಸ್ಪಿರಿಟ್ ಸುರಿದು ಕತ್ತಿನವರೆಗೆ ತುಂಬಿಸಿದೆ. ಪ್ರತಿ ಬೇಸಿಗೆಯಲ್ಲೂ ಇದೇ ಕೆಲಸ.

ತಪ್ಪಾಗಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಟಲಿಯಿಂದ ಸ್ಪಿರಿಟ್ ಮತ್ತು ನೀರು ಒಂದೇ ಸಮ ಆರುವುದಿಲ್ಲ. ಸ್ಪಿರಿಟ್ ಬೇಗ ಹಾರಿಹೋಗುತ್ತದೆ, ಉಳಿದದ್ದರಲ್ಲಿ ನೀರೇ ಜಾಸ್ತಿ. ಉಳಿದರ್ಧ 40 ಪರ್ಸೆಂಟ್‌ಗೆ ಇಳಿದಿದ್ದರೆ, ಮೇಲೆ 70ರದ್ದು ಅಷ್ಟೇ ಸುರಿದರೂ ಸಿಗುವುದು 55. ಮುಂದಿನ ವರ್ಷ ಅದೂ ಇಳಿಯುತ್ತದೆ. ಹೀಗೆ ತೆಳುವಾಗುತ್ತಾ ಹೋದರೆ ಒಳಗಿನ ಪ್ರಾಣಿ ಮೆತ್ತಗಾಗಿ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಬಾಟಲಿ ತುಂಬಿದೆ! ಹಾಗಾಗಿ ಯಾರೂ ಮುಚ್ಚಳ ತೆಗೆಯುವುದಿಲ್ಲ. ಸ್ಪಿರಿಟ್‌ಗೆ ಹಾಕುವ ಮೊದಲು ಫಾರ್ಮಲಿನ್‌ನಲ್ಲಿ ಸರಿಯಾಗಿ ಗಟ್ಟಿಯಾದ ಕಪ್ಪೆಗಳು ಹೇಗೋ ತಡೆದುಕೊಂಡವು. ಈ ಮರಗಪ್ಪೆಗಳನ್ನು ನೇರವಾಗಿ ಸ್ಪಿರಿಟ್‌ಗೆ ಹಾಕಿದ್ದರು ಅಂತ ಕಾಣುತ್ತದೆ. ಅಳತೆ ತೆಗೆದುಕೊಳ್ಳಲು ಒಬ್ಬ ಸಂಶೋಧಕರು ಬಂದಾಗ ಫೋರ್ಸೆಪ್ಸ್‌ನಲ್ಲಿ ಎತ್ತಿದೆ. ಹುಳಿಯಲ್ಲಿ ಬೆಂದ ಬದನೆಕಾಯಿಯ ಹಾಗೆ ಕಾಲು ಕಳಚಿಕೊಂಡು ಬಂತು. ಅವರು ಏನೂ ಅನ್ನಲಿಲ್ಲ, ನೋಟ್‌ಬುಕ್ ಮುಚ್ಚಿಟ್ಟರು.

ಆಮೇಲೇ ನನಗೆ ಸಿ.ಆರ್. ನಾರಾಯಣ ರಾಯರ ಕತೆ ಮೈಗೆ ತಟ್ಟಿದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು ಪಶ್ಚಿಮಘಟ್ಟದ ಎಷ್ಟೋ ಕಪ್ಪೆಗಳಿಗೆ ಹೆಸರಿಟ್ಟವರು. 'ರಾವೋರ್ಚೆಸ್ಟಿಸ್' ಎಂಬ ಕಪ್ಪೆಗಳ ಕುಲಕ್ಕೆ ಅವರದೇ ಹೆಸರು. ಆದರೆ ಹೆಸರಿಡಲು ಆಧಾರವಾಗಿದ್ದ ಅವರ ಟೈಪ್ ಸ್ಪೆಸಿಮೆನ್‌ಗಳು ಕಳೆದುಹೋಗಿವೆ. ಅವರು 1920ರಲ್ಲಿ ವಿವರಿಸಿದ ಕೊಡಗಿನ ರಾತ್ರಿಗಪ್ಪೆ ಮತ್ತೆ ಸಿಕ್ಕಿದ ಸುದ್ದಿ ಬಂದದ್ದು 2011ರಲ್ಲಿ. ಬಾಟಲಿ ಇಲ್ಲದಿದ್ದರೆ 'ಇದು ಅದೇ ಕಪ್ಪೆಯಾ?' ಅನ್ನುವುದಕ್ಕೆ ಹಳೆಯ ಬರಹವೇ ಗತಿ.

ಹಾಗಾಗಿ 'ಕಾಡಾ, ಬಾಟಲಿಯಾ' ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಬಾಟಲಿ ನೋಡದೆ ಕಾಡಿಗೆ ಹೋದವರು ಫೋಟೋ ತೆಗೆದುಕೊಂಡು ಬರುತ್ತಾರೆ, ಅಷ್ಟೇ. ಬಾಟಲಿ ನಂಬಿ ಬಣ್ಣ ಹೇಳುವವರೂ ಕೆಡುತ್ತಾರೆ ಅನ್ನಿ: ಹಳದಿ ಕರಗಿಹೋಗಿ ಹಸಿರು ಕಪ್ಪೆ ನೀಲಿಯಾಗಿರುತ್ತದೆ. ಇನ್ನು ಸತ್ತದ್ದರಿಂದ ಏನು ಲಾಭ ಅಂತೀರಾ? ಅಮೆರಿಕದಲ್ಲಿ ಹಳೆಯ ಸ್ಪೆಸಿಮೆನ್‌ಗಳ ಚರ್ಮ ಒರೆಸಿ, ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಯಾವ ಊರಿಗೆ ಯಾವಾಗ ಬಂತು ಅಂತ ಹುಡುಕಿದ್ದಾರೆ.

ಕೆಲಸಕ್ಕೆ ಸೇರಿ. ಸಂಬಳದ ಮಾತು ಆಮೇಲೆ ಆಡಬಹುದು, ಮೊದಲು ಅಲ್ಲಿ ಸ್ಪಿರಿಟ್ ಎಷ್ಟು ಪರ್ಸೆಂಟ್ ಇದೆ ಅಂತ ಅಳೆಯುವ ಹೈಡ್ರೋಮೀಟರ್ ಇದೆಯಾ ಕೇಳಿ. ಇಲ್ಲ ಅಂದರೆ ನಿಮ್ಮ ದುಡ್ಡಲ್ಲೇ ಒಂದು ತೆಗೆದುಕೊಳ್ಳಿ. ತುಂಬಿ ಕಾಣುವ ಬಾಟಲಿಗಳಿಂದಲೇ ಶುರು ಮಾಡಿ.